ಪಡಸಾಲೆಯ ಸಿನಿಮಾಕ್ಕೆ ಎಷ್ಟು ದೊಡ್ಡ ಸ್ಪೀಕರ್ ಬೇಕು?

ಟಿ.ವಿ.ಯ ಪರದೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದೆ, ಮೈ ತೆಳ್ಳಗಾಗುತ್ತಿದೆ. ಈ ತೆಳುವಿಗೆ ಬೆಲೆ ತೆತ್ತದ್ದು ಧ್ವನಿ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಸ್ಪೀಕರ್‌ಗೆ ಪರದೆಯ ಪಕ್ಕದಲ್ಲೇ ಜಾಗವಿರುತ್ತಿತ್ತು. ನೋಡುವವರ ಕಡೆಗೇ ಮುಖಮಾಡಿ ಅದು ಮಾತಾಡುತ್ತಿತ್ತು. ಈಗ ಬಹುಪಾಲು ಟಿ.ವಿ.ಗಳಲ್ಲಿ ಅದು ಕೆಳಗಿನ ಅಂಚಿಗೋ ಬೆನ್ನಿಗೋ ಸರಿದಿದೆ. ಸಂಭಾಷಣೆ ಮೊದಲು ನೆಲಕ್ಕೋ ಗೋಡೆಗೋ ಬಡಿದು ಆಮೇಲೆ ಕಿವಿಗೆ ಬರುತ್ತದೆ. ಪಿಸುಮಾತಿನ ದೃಶ್ಯದಲ್ಲಿ ಏನೂ ತಿಳಿಯದೆ ರಿಮೋಟ್ ಹಿಡಿದು ಸದ್ದು ಏರಿಸುವುದು, ಹೊಡೆದಾಟ ಶುರುವಾದ ಕೂಡಲೇ ಇಳಿಸುವುದು, ಕನ್ನಡ ಚಿತ್ರಕ್ಕೇ ಸಬ್‌ಟೈಟಲ್ ಹಾಕಿಕೊಂಡು ಕೂರುವುದು ಎಷ್ಟೋ ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಇದಕ್ಕೆ ಮದ್ದು ಹುಡುಕಿಕೊಂಡು ಅಂಗಡಿಗೆ ಹೋದರೆ ಎರಡು ತುದಿಗಳು ಎದುರಾಗುತ್ತವೆ. ಒಂದು ಕಡೆ, ಮುಷ್ಟಿಗಾತ್ರದ ಐದು ಡಬ್ಬಿಗಳೂ ಒಂದು ಬೇಸ್ ಪೆಟ್ಟಿಗೆಯೂ ಸೇರಿದ ‘ಹೋಮ್ ಥಿಯೇಟರ್’ ಸೆಟ್. ಇನ್ನೊಂದು ಕಡೆ, ಎದೆಮಟ್ಟಕ್ಕೆ ಬರುವ ಟವರ್ ಸ್ಪೀಕರ್‌ಗಳು. ಮೊದಲನೆಯದು ನೋಡಲು ಚೆಂದ, ಎರಡನೆಯದು ಕೇಳಲು ಚೆಂದ, ಸಾಧಾರಣ ಮನೆಯವರು ಎರಡರಲ್ಲೊಂದನ್ನು ಬಿಟ್ಟುಕೊಡಲೇಬೇಕು ಎಂಬ ನಂಬಿಕೆ ಕೊಳ್ಳುವವರಲ್ಲೂ ಇದೆ, ಮಾರುವವರಲ್ಲೂ ಇದೆ.

ಈ ನಂಬಿಕೆಯನ್ನು ಸ್ವಲ್ಪ ಲೆಕ್ಕ ಹಾಕಿ ಪರೀಕ್ಷಿಸಿದರೆ ಬೇರೆಯೇ ಚಿತ್ರ ಸಿಗುತ್ತದೆ. ಸುಮಾರು 12 ಅಡಿಗೆ 15 ಅಡಿಯ ಹಾಲ್‌ಗೆ ಪುಟ್ಟ ಸ್ಪೀಕರ್‌ಗಳೇ ಸರಿಯಾದ ಆಯ್ಕೆ. ಆದರೆ ಅದಕ್ಕೊಂದು ಷರತ್ತಿದೆ. ಮಂದ್ರಕ್ಕೆ ಇಳಿಯುತ್ತ ಬರುವ ಧ್ವನಿಯನ್ನು ಸ್ಪೀಕರ್ ಯಾವ ಹಂತದಲ್ಲಿ ಸಬ್‌ವೂಫರ್ ಎಂಬ ಬೇಸ್ ಪೆಟ್ಟಿಗೆಗೆ ಒಪ್ಪಿಸುತ್ತದೆ ಎಂಬುದನ್ನು ನೋಡಬೇಕು. ಆ ಹಂತ 80 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ಚಿಕ್ಕ ಸ್ಪೀಕರ್ ದೊಡ್ಡದಕ್ಕೆ ಸರಿಸಾಟಿ. ಅದು 150, 200ಕ್ಕೆ ಏರಿದರೆ ಆ ಸೆಟ್ ಎಷ್ಟೇ ಚೆಂದವಾಗಿರಲಿ, ಮನುಷ್ಯನ ದನಿಯನ್ನು ಅದು ಎರಡು ತುಂಡು ಮಾಡುತ್ತದೆ. ಸ್ಪೀಕರ್ ಆಯ್ಕೆಯಲ್ಲಿ ಬ್ರ್ಯಾಂಡ್, ವಾಟ್, ಬಣ್ಣ, ಬೆಲೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಮಂದ್ರಕ್ಕೆ ಬೇಕಾದ ಗಾಳಿ

ಸ್ಪೀಕರ್ ಮಾಡುವ ಕೆಲಸ ಒಂದೇ: ಗಾಳಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳುವುದು. ತಾರಸ್ಥಾಯಿಯ ಸ್ವರಗಳಿಗೆ ತಳ್ಳಬೇಕಾದ ಗಾಳಿ ಅತ್ಯಲ್ಪ. ಮಂದ್ರಕ್ಕೆ ಇಳಿದಂತೆ ಬೇಡಿಕೆ ಏರುತ್ತದೆ, ಅದೂ ವರ್ಗದ ಲೆಕ್ಕದಲ್ಲಿ. ಆವರ್ತನ ಅರ್ಧಕ್ಕೆ ಇಳಿದರೆ, ಅದೇ ಜೋರು ಉಳಿಯಲು ನಾಲ್ಕು ಪಟ್ಟು ಗಾಳಿ ಸರಿಯಬೇಕು. 160 ಹರ್ಟ್ಸ್‌ನಲ್ಲಿ ನಿರಾಳವಾಗಿರುವ ಕೋನ್‌ಗೆ 80ರಲ್ಲಿ ನಾಲ್ಕು ಪಟ್ಟು, 40ರಲ್ಲಿ ಹದಿನಾರು ಪಟ್ಟು ದುಡಿಮೆ. 3 ಇಂಚಿನ ಕೋನ್‌ನಲ್ಲಿ ಕೆಲಸಕ್ಕೆ ಬರುವ ವಿಸ್ತೀರ್ಣ ಸುಮಾರು 30 ಚದರ ಸೆಂಟಿಮೀಟರ್. ಐದೂಕಾಲು ಇಂಚಿನದರಲ್ಲಿ ಅದು 85ರಿಂದ 90, 10 ಇಂಚಿನ ಸಬ್‌ವೂಫರ್‌ನಲ್ಲಿ 330ರ ಆಸುಪಾಸು. ಕೋನ್ ಎಷ್ಟು ದೂರ ಚಲಿಸಬಲ್ಲದು ಎಂಬುದಕ್ಕೂ ಮಿತಿಯಿದೆ; ಚಿಕ್ಕ ಕೋನ್‌ಗಳಲ್ಲಿ ಆ ದೂರವೂ ಸಾಮಾನ್ಯವಾಗಿ ಕಡಿಮೆ. ಕೋನ್‌ನ ಅಳತೆಯಲ್ಲಿ ಎರಡು ಇಂಚಿನ ವ್ಯತ್ಯಾಸ ಮಂದ್ರದ ಸಾಮರ್ಥ್ಯದಲ್ಲಿ ಹಲವು ಪಟ್ಟು ವ್ಯತ್ಯಾಸವಾಗುವುದು ಹೀಗೆ.

ಪೆಟ್ಟಿಗೆಯ ಗಾತ್ರಕ್ಕೂ ಇಂಥದ್ದೇ ನಿಯಮವಿದೆ. ಅಮೆರಿಕದ ಕೆ.ಎಲ್.ಎಚ್. ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಜೆ. ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಅದನ್ನು ‘ಕಬ್ಬಿಣದ ನಿಯಮ’ ಎಂದೇ ಕರೆಯುತ್ತಾರೆ. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಜೋರು ಎಂಬ ಮೂರು ಗುಣಗಳಲ್ಲಿ ಎರಡನ್ನು ಪಡೆಯಬಹುದು; ಮೂರನೆಯದನ್ನು ಬಿಟ್ಟುಕೊಡಲೇಬೇಕು. ಯಾವ ಜಾಹೀರಾತೂ ಈ ನಿಯಮವನ್ನು ಮುರಿಯಲಾರದು. ‘ಅಂಗೈಯಗಲದ ಡಬ್ಬಿಯಿಂದ ಥಿಯೇಟರ್ ಬೇಸ್’ ಎಂದು ಬರೆದಿದ್ದರೆ, ಬಿಟ್ಟುಕೊಟ್ಟ ಮೂರನೆಯ ಗುಣ ಎಲ್ಲೋ ಅಡಗಿದೆ ಎಂದೇ ತಿಳಿಯಬೇಕು.

ಹಾಗಾದರೆ ಪುಟ್ಟ ಸ್ಪೀಕರ್ ಸಾಕು ಎನ್ನುವುದಕ್ಕೆ ಆಧಾರವೇನು? 5.1 ಎಂಬ ವ್ಯವಸ್ಥೆಯೊಳಗೇ ಉತ್ತರವಿದೆ. ಮುಂದೆ ಮೂರು, ಅಕ್ಕಪಕ್ಕ ಎರಡು, ಒಟ್ಟು ಐದು ಸ್ಪೀಕರ್‌ಗಳು, ‘.1’ ಎಂಬುದು ತೀರ ಮಂದ್ರದ ಸದ್ದುಗಳಿಗೇ ಮೀಸಲಾದ ಪ್ರತ್ಯೇಕ ಚಾನೆಲ್. ಸಿನಿಮಾ ಮಂದಿರಕ್ಕಾಗಿ ರೂಪುಗೊಂಡ ಈ ಲೆಕ್ಕವನ್ನು ಮನೆಗೆ ತರುವಾಗ ಎಂಜಿನಿಯರ್‌ಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಐದೂ ಸ್ಪೀಕರ್‌ಗಳ ಪಾಲಿಗೆ ಬರುವ ಮಂದ್ರವನ್ನು ಸೋಸಿ ತೆಗೆದು ಸಬ್‌ವೂಫರ್‌ಗೇ ಕಳಿಸುವ ‘ಬೇಸ್ ಮ್ಯಾನೇಜ್‌ಮೆಂಟ್’ ಇಂದು ಸ್ಪೀಕರ್‌ಗಳನ್ನು ನಡೆಸುವ ಬಹುತೇಕ ಎಲ್ಲ ಎ.ವಿ. ರಿಸೀವರ್‌ಗಳಲ್ಲೂ ಇದೆ. ಹೀಗೆ ಸೋಸುವ ಗೆರೆಗೆ ಕ್ರಾಸ್‌ಓವರ್ ಎಂದು ಹೆಸರು. ಲ್ಯೂಕಾಸ್‌ಫಿಲ್ಮ್‌ನಲ್ಲಿದ್ದಾಗ ಟಾಮ್ಲಿನ್ಸನ್ ಹೋಲ್ಮನ್ ರೂಪಿಸಿದ ಟಿ.ಎಚ್.ಎಕ್ಸ್. ಮಾನದಂಡ ಮನೆಗಳಿಗೆ 80 ಹರ್ಟ್ಸ್ ಗೆರೆಯನ್ನು ಗೊತ್ತುಮಾಡಿತು. 80 ಹರ್ಟ್ಸ್ ಅಲೆಯ ಉದ್ದ 4.3 ಮೀಟರ್, ಅಂದರೆ ಸುಮಾರು 14 ಅಡಿ. ನಮ್ಮ ಎರಡು ಕಿವಿಗಳ ನಡುವಿನ ಅಂತರಕ್ಕೆ ಹೋಲಿಸಿದರೆ ಅಷ್ಟು ಉದ್ದದ ಅಲೆ ಕೋಣೆಯೊಳಗೆ ಯಾವ ದಿಕ್ಕಿನಿಂದ ಬಂತೆಂದು ಗುರುತಿಸುವುದು ಕಷ್ಟ. ಹಾಗಾಗಿ ಸಬ್‌ವೂಫರ್ ಸೋಫಾದ ಪಕ್ಕದಲ್ಲಿದ್ದರೂ ಗುಡುಗು ಪರದೆಯಿಂದಲೇ ಬಂದಂತೆ ಕೇಳುತ್ತದೆ. ಮನೆಗಳಿಗಾಗಿ ಟಿ.ಎಚ್.ಎಕ್ಸ್. ಬಯಸಿದ್ದೂ 80 ಹರ್ಟ್ಸ್ ಹೊತ್ತಿಗೆ ತಾವಾಗಿಯೇ ಇಳಿಮುಖವಾಗುವ, ಗಾಳಿ ಆಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಗಳನ್ನೇ. ಅಂದರೆ ಉತ್ತಮ ಹೋಮ್ ಥಿಯೇಟರಿನ ಮೂಲ ಕಲ್ಪನೆಯಲ್ಲೇ ಚಿಕ್ಕ ಸ್ಪೀಕರ್‌ಗೆ ಗೌರವದ ಸ್ಥಾನವಿದೆ.

ತೀರ ಚಿಕ್ಕದಾದರೆ ದನಿ ಒಡೆಯುತ್ತದೆ

ಚಿಕ್ಕದು ಸಾಕು ಎಂಬ ಮಾತನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದು ಮುಂದಿನ ಪ್ರಶ್ನೆ. 1987ರಲ್ಲಿ ಬೋಸ್ ಕಂಪನಿ ಹೊರತಂದ ಅಕೌಸ್ಟಿಮಾಸ್ ಪುಟ್ಟ ಘನಾಕೃತಿಯ ಸ್ಪೀಕರ್‌ಗಳನ್ನೂ, ಕಣ್ಣಿಗೆ ಬೀಳದಂತೆ ಅಡಗಿಸಿಡಬಹುದಾದ ಬೇಸ್ ಪೆಟ್ಟಿಗೆಯನ್ನೂ ಜನಪ್ರಿಯಗೊಳಿಸಿತು. ಹಾಲ್‌ನ ಅಂದ ಕೆಡದೆ ಸಂಗೀತ ಕೇಳಬಹುದು ಎಂದು ಅದು ಲಕ್ಷಾಂತರ ಮನೆಗಳಿಗೆ ತೋರಿಸಿಕೊಟ್ಟಿತು. ಆ ಸಾಧನೆ ಸಣ್ಣದಲ್ಲ. ಆದರೆ ಎರಡೂವರೆ, ಮೂರು ಇಂಚಿನ ಒಂದೇ ಕೋನ್ ಇರುವ ಘನಗಳು ಸಾಮಾನ್ಯವಾಗಿ 150ರಿಂದ 200 ಹರ್ಟ್ಸ್‌ಗಿಂತ ಕೆಳಗೆ ಶಕ್ತಿಯಿಂದ ನುಡಿಯಲಾರವು. ಅದರ ಕೆಳಗಿನ ಎಲ್ಲವನ್ನೂ ಬೇಸ್ ಪೆಟ್ಟಿಗೆಯೇ ಹೊರಬೇಕು. ಮಾತಾಡುವ ಗಂಡಸಿನ ದನಿಯ ಮೂಲ ಆವರ್ತನ ಸುಮಾರು 85ರಿಂದ 180 ಹರ್ಟ್ಸ್, ಹೆಂಗಸಿನದು ಸುಮಾರು 165ರಿಂದ 255. 200ರಲ್ಲಿ ಗೆರೆ ಎಳೆದರೆ ನಾಯಕನ ದನಿಯ ಬುಡ ಮೂಲೆಯಲ್ಲಿಟ್ಟ ಪೆಟ್ಟಿಗೆಯಿಂದಲೂ, ಅದರ ಮೇಲ್ಭಾಗ ಟಿ.ವಿ. ಬಳಿಯ ಡಬ್ಬಿಯಿಂದಲೂ ಬರುತ್ತದೆ. ಈ ಆವರ್ತನಗಳಲ್ಲಿ ಕಿವಿ ದಿಕ್ಕನ್ನು ಸಲೀಸಾಗಿ ಪತ್ತೆಹಚ್ಚುತ್ತದೆ. ಮೇಲಾಗಿ ಯಾವ ಕ್ರಾಸ್‌ಓವರ್ ಕೂಡ ಗೆರೆ ಕೊರೆದಂತೆ ಧ್ವನಿಯನ್ನು ಕತ್ತರಿಸುವುದಿಲ್ಲ; ಗೆರೆಯ ಆಚೆಗೂ ಸಬ್‌ವೂಫರ್ ಸ್ವಲ್ಪ ದೂರ ನುಡಿಯುತ್ತಲೇ ಇರುತ್ತದೆ. ‘ಮಾತು ತೆಳು, ಬೇಸ್ ಗುಮ್ಮಟೆ’ ಎಂಬ ದೂರಿಗೆ ಬಹಳ ಸಲ ಕಾರಣ ಇದೇ.

ಪುಟ್ಟ ಪೆಟ್ಟಿಗೆಯಿಂದ ಮನುಷ್ಯನ ದನಿಯನ್ನು ಇಡಿಯಾಗಿ ಕೇಳಿಸಬಹುದು ಎಂಬುದಕ್ಕೆ ಅತ್ಯುತ್ತಮ ಸಾಕ್ಷ್ಯ 1970ರ ದಶಕದ ಬ್ರಿಟನ್ನಿನಲ್ಲಿ ಸಿಗುತ್ತದೆ. ಬಿ.ಬಿ.ಸಿ.ಗೆ ಹೊರಾಂಗಣ ಪ್ರಸಾರದ ವ್ಯಾನುಗಳೊಳಗೆ ಇಡಲು ಒಂದು ಮಾನಿಟರ್ ಸ್ಪೀಕರ್ ಬೇಕಿತ್ತು. ವ್ಯಾನಿನಲ್ಲಿ ಜಾಗವಿಲ್ಲ, ಆದರೆ ಮಾತಿನ ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳುವಂತಿಲ್ಲ. ಅವರ ಎಂಜಿನಿಯರ್‌ಗಳು ರೂಪಿಸಿದ ಎಲ್.ಎಸ್.3/5ಎ ಸುಮಾರು 30 ಸೆಂಟಿಮೀಟರ್ ಎತ್ತರ, 19 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಆಳದ ಪೆಟ್ಟಿಗೆ. ಅದರೊಳಗೆ ಕೆಳಸ್ವರಗಳಿಗೆ 5 ಇಂಚು ವರ್ಗದ ಒಂದು ವೂಫರ್, ತಾರಸ್ವರಗಳಿಗೆ ಒಂದು ಟ್ವೀಟರ್. ಸುದ್ದಿ ಓದುವವರ, ನಾಟಕದ ಪಾತ್ರಧಾರಿಗಳ ದನಿ ಸಹಜವಾಗಿದೆಯೇ ಎಂದು ತೀರ್ಮಾನಿಸಲು ಆ ಸಂಸ್ಥೆ ಇದನ್ನು ನಂಬಿತು. ಇಂದಿಗೂ ಅದನ್ನು ತಯಾರಿಸುತ್ತಿದ್ದಾರೆ, ಹುಡುಕಿ ಕೊಳ್ಳುತ್ತಿದ್ದಾರೆ. ಹಾಫ್‌ಮನ್ ನಿಯಮಕ್ಕೆ ಅದು ತೆತ್ತ ಬೆಲೆಯೂ ಸ್ಪಷ್ಟವಾಗಿದೆ. ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಅದು ಕೊಡುವುದು ಸುಮಾರು 83 ಡೆಸಿಬೆಲ್ ಮಾತ್ರ. ಪೆಟ್ಟಿಗೆ ಚಿಕ್ಕದಾಗಿರಬೇಕು, ದನಿ ತುಂಬಿ ಬರಬೇಕು ಎಂದಾಗ ಆ ಎಂಜಿನಿಯರ್‌ಗಳು ಬಿಟ್ಟುಕೊಟ್ಟದ್ದು ಜೋರನ್ನು. ನಮ್ಮ ಹಾಲ್‌ಗಳಿಗೂ ಈ ಒಪ್ಪಂದವೇ ಸರಿ. ನಾಲ್ಕರಿಂದ ಐದೂಕಾಲು ಇಂಚಿನ ವೂಫರ್ ಇರುವ, ಒಂದಡಿಯ ಒಳಗಿನ ಪೆಟ್ಟಿಗೆ ನಾವು ಹುಡುಕಬೇಕಾದದ್ದು.

ದೊಡ್ಡದೇ ಒಳ್ಳೆಯದಲ್ಲವೇ?

ಇಲ್ಲಿ ಬರುವ ಮೊದಲ ಆಕ್ಷೇಪ ಜೋರಿನ ಬಗ್ಗೆಯೇ. ಅಷ್ಟು ಚಿಕ್ಕ ಸ್ಪೀಕರ್ ಸಿನಿಮಾದ ಅಬ್ಬರವನ್ನು ತಾಳೀತೇ? 86 ಡೆಸಿಬೆಲ್ ಸಂವೇದನಾ ಮಟ್ಟದ ಸಾಧಾರಣ ಬುಕ್‌ಶೆಲ್ಫ್ ಸ್ಪೀಕರ್ ತೆಗೆದುಕೊಳ್ಳೋಣ. 10 ಅಡಿ ದೂರದ ಸೋಫಾದಲ್ಲಿ, ಒಂದು ವಾಟ್‌ಗೆ ಸುಮಾರು 78 ಡೆಸಿಬೆಲ್ ಕೇಳುತ್ತದೆ ಎಂದುಕೊಳ್ಳಬಹುದು. ಮನೆಯಲ್ಲಿ ಸಂಭಾಷಣೆ ಸುಖವಾಗಿ ಕೇಳುವುದು 65ರಿಂದ 70 ಡೆಸಿಬೆಲ್‌ನಲ್ಲಿ. ಅದಕ್ಕೆ ಒಂದು ವಾಟ್‌ನ ಹತ್ತನೇ ಒಂದು ಭಾಗ ಸಾಕು. ಶಕ್ತಿ ಹತ್ತು ಪಟ್ಟಾದರೆ ಜೋರು 10 ಡೆಸಿಬೆಲ್ ಏರುತ್ತದೆ. 10 ವಾಟ್‌ಗೆ 88, 40 ವಾಟ್‌ಗೆ 94. ಸಿನಿಮಾ ಮಂದಿರದ ಮಾನದಂಡದಲ್ಲಿ ಒಂದೊಂದು ಚಾನೆಲ್‌ನ ಶಿಖರ 105 ಡೆಸಿಬೆಲ್ ಮುಟ್ಟಬಹುದು, ನಿಜ. ಆದರೆ ಮನೆಯಲ್ಲಿ ಜನ ಅದಕ್ಕಿಂತ 10ರಿಂದ 15 ಡೆಸಿಬೆಲ್ ತಗ್ಗಿಸಿಯೇ ನೋಡುತ್ತಾರೆ. ಅಂದರೆ 90, 95 ಡೆಸಿಬೆಲ್‌ನ ಶಿಖರಗಳು. ಮಂದ್ರದ ಹೊರೆಯನ್ನು ಸಬ್‌ವೂಫರ್ ಹೊತ್ತ ಮೇಲೆ ಚಿಕ್ಕ ಕೋನ್‌ಗೆ ಇದು ಮೀರಿದ ಕೆಲಸವೇನಲ್ಲ. ಸಾಧಾರಣ ರಿಸೀವರ್‌ನ 60, 80 ವಾಟ್ ಆರ್.ಎಂ.ಎಸ್. ಶಕ್ತಿಯೂ ಸಾಕು. ಡಬ್ಬದ ಮೇಲೆ ಸಾವಿರಗಟ್ಟಲೆ ಎಂದು ಮುದ್ರಿಸಿರುವ ಪಿ.ಎಂ.ಪಿ.ಒ. ವಾಟ್‌ಗೆ ಒಪ್ಪಿತವಾದ ಯಾವ ಮಾಪನ ವಿಧಾನವೂ ಇಲ್ಲ. ಆ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು.

ಎರಡನೆಯ ಆಕ್ಷೇಪ ಅನುಭವದ್ದು: ಅಂಗಡಿಯಲ್ಲಿ ಕೇಳಿದಾಗ ದೊಡ್ಡ ಸ್ಪೀಕರ್ ನಿಜಕ್ಕೂ ಚೆನ್ನಾಗಿ ಕೇಳಿಸಿತಲ್ಲ! ಕೇಳಿಸಿರಬಹುದು. ಆದರೆ ಕಿವಿಯ ತೀರ್ಪಿನಲ್ಲಿ ಕಣ್ಣೂ ಕೈಯಾಡಿಸುತ್ತದೆ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಗುಂಪಿನ ಕೇಳುಗರಿಗೆ ಅವೇ ಸ್ಪೀಕರ್‌ಗಳನ್ನು ಎರಡು ರೀತಿಯಲ್ಲಿ ಕೇಳಿಸಿದರು, ಒಮ್ಮೆ ಪರದೆಯ ಹಿಂದೆ ಮರೆಮಾಡಿ, ಒಮ್ಮೆ ಕಣ್ಣಿಗೆ ಕಾಣುವಂತೆ ಇಟ್ಟು. ಅದರಲ್ಲಿ ಚಿಕ್ಕ ಸ್ಪೀಕರ್‌ಗಳ ಜೊತೆ ಸಬ್‌ವೂಫರ್ ಸೇರಿದ, ಅಗ್ಗದ ಒಂದು ಸೆಟ್ ಕೂಡ ಇತ್ತು. ಮರೆಯಲ್ಲಿದ್ದಾಗ ದೊಡ್ಡವುಗಳ ಸಮಕ್ಕೆ ನಿಂತ ಆ ಸೆಟ್, ಕಣ್ಣಿಗೆ ಕಂಡಾಗ ಅಂಕಗಳನ್ನು ಕಳೆದುಕೊಂಡಿತು. ಧ್ವನಿ ಬದಲಾಗಿರಲಿಲ್ಲ, ಗಾತ್ರ ಕಂಡಿತ್ತು, ಅಷ್ಟೇ. ಟೂಲ್ ಮತ್ತು ಸಂಗಡಿಗರ ದಶಕಗಳ ಸಂಶೋಧನೆ ಹೇಳುವುದು ಇಷ್ಟು: ಎದುರಿಗೆ ಕುಳಿತಾಗ ಯಾವ ಆವರ್ತನವೂ ಎದ್ದುಕಾಣದೆ ಸಮನಾಗಿರಬೇಕು, ಪಕ್ಕಕ್ಕೆ ಸರಿದಾಗ ಆ ಸಮತೋಲ ಹಠಾತ್ತನೆ ಕೆಡಬಾರದು; ಇಂಥ ಸ್ಪೀಕರನ್ನೇ ಹೆಚ್ಚಿನ ಕೇಳುಗರು ಮೆಚ್ಚುತ್ತಾರೆ. ಈ ಎರಡು ಗುಣಗಳಿಗೂ ಪೆಟ್ಟಿಗೆಯ ಎತ್ತರಕ್ಕೂ ನೇರ ಸಂಬಂಧವಿಲ್ಲ. ದೊಡ್ಡ ಹಾಲ್, ದೂರದ ಆಸನ, ಸಬ್‌ವೂಫರ್ ಇಲ್ಲದೆ ಬರೀ ಸಂಗೀತ ಕೇಳುವ ಅಭ್ಯಾಸ ಇರುವವರಿಗೆ ಟವರ್ ಸ್ಪೀಕರ್ ಸಾರ್ಥಕ. 12 ಅಡಿ ಅಗಲದ ಕೋಣೆಯಲ್ಲಿ ಅದರ ಹೆಚ್ಚುವರಿ ಮಂದ್ರವನ್ನು ರಿಸೀವರ್ 80 ಹರ್ಟ್ಸ್‌ನಲ್ಲಿ ಸೋಸಿ ಹೊರಹಾಕುತ್ತದೆ. ಕೊಟ್ಟ ಹಣದ ಒಂದು ಭಾಗ ಕೆಲಸವಿಲ್ಲದೆ ನಿಂತಿರುತ್ತದೆ.

ನಡುವಿನ ಸ್ಪೀಕರ್‌ಗೆ ಮೊದಲ ಮಣೆ

ಹಾಗೆ ಉಳಿಸಿದ ಹಣವನ್ನು ಎಲ್ಲಿ ಹಾಕಬೇಕು? ಸೆಂಟರ್ ಸ್ಪೀಕರ್‌ಗೆ. ಸಿನಿಮಾದ ಸಂಭಾಷಣೆಯ ಬಹುಪಾಲು ಬರುವುದು ಅಲ್ಲಿಂದಲೇ. ನಡುವೆ ಒಂದು ಸ್ಪೀಕರ್ ಇರಬೇಕೆಂಬ ತಿಳಿವು ಹೊಸದಲ್ಲ. 1933ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದ ವಾದ್ಯವೃಂದವನ್ನು ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಕೇಳಿಸಿದಾಗ ಬಳಸಿದ್ದು ಎಡ, ನಡು, ಬಲ ಎಂಬ ಮೂರು ಚಾನೆಲ್‌ಗಳನ್ನು. ಎರಡೇ ಸ್ಪೀಕರ್ ಇದ್ದರೆ ಸರಿಯಾಗಿ ಮಧ್ಯದಲ್ಲಿ ಕುಳಿತವರಿಗೆ ಮಾತ್ರ ದನಿ ಪರದೆಯ ನಡುವಿನಿಂದ ಬಂದಂತೆ ಭಾಸವಾಗುತ್ತದೆ. ಸೋಫಾದ ಒಂದು ಅಂಚಿಗೆ ಸರಿದರೆ ಹತ್ತಿರದ ಸ್ಪೀಕರ್ ಮಾತನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಮನೆಮಂದಿಯೆಲ್ಲ ಕೂತು ನೋಡುವ ಹಾಲ್‌ನಲ್ಲಿ ಮಧ್ಯದ ಜಾಗ ಸಿಗುವುದು ಒಬ್ಬರಿಗೆ ಮಾತ್ರ. ಕನ್ನಡದ ಪ್ರೇಕ್ಷಕರಿಗೆ ಈ ಸ್ಪೀಕರ್ ಇನ್ನೊಂದು ಕಾರಣಕ್ಕೂ ಮುಖ್ಯ. 1972ರ ‘ಬಂಗಾರದ ಮನುಷ್ಯ’ದಂಥ ಚಿತ್ರಗಳು ಮೋನೊ ಧ್ವನಿಯ ಕಾಲದವು. ಎಡಬಲಗಳಲ್ಲಿ ಒಂದೇ ಆಗಿರುವ ಧ್ವನಿಯನ್ನು ರಿಸೀವರ್‌ನ ಸರೌಂಡ್ ವಿಧಾನಗಳು ಸಾಮಾನ್ಯವಾಗಿ ನಡುವಿಗೇ ಕಳಿಸುತ್ತವೆ. ಆಗ ರಾಜ್‌ಕುಮಾರ್ ಅವರ ಮಾತು, ಚಿತ್ರದ ಹಾಡು, ಹಿನ್ನೆಲೆ ಸಂಗೀತ ಎಲ್ಲವೂ ಈ ಒಂದೇ ಸ್ಪೀಕರ್‌ನ ಹೊಣೆ. ಅದು ಸೊರಗಿದರೆ ಆ ಸುವರ್ಣ ಕಾಲದ ಸಂಭಾಷಣೆಯೇ ಸೊರಗುತ್ತದೆ.

ಅಂಗಡಿಗಳಲ್ಲಿ ಸೆಂಟರ್ ಎಂದು ಕೊಡುವ ಸ್ಪೀಕರ್‌ಗಳ ಪೈಕಿ ಹಲವು ಅಡ್ಡಕ್ಕೆ ಮಲಗಿಸಿದಂಥ ಪೆಟ್ಟಿಗೆಗಳು: ನಡುವೆ ಟ್ವೀಟರ್, ಎಡಕ್ಕೊಂದು ಬಲಕ್ಕೊಂದು ವೂಫರ್. ಟಿ.ವಿ. ಕೆಳಗೆ ಅಂದವಾಗಿ ಕೂರುತ್ತವೆ, ಆದರೆ ಒಂದು ದೋಷವಿದೆ. ಎರಡು ವೂಫರ್‌ಗಳ ನಡುವೆ 25 ಸೆಂಟಿಮೀಟರ್ ಅಂತರವಿದ್ದು ನೀವು 30 ಡಿಗ್ರಿ ಪಕ್ಕಕ್ಕೆ ಕುಳಿತಿದ್ದರೆ, ಎರಡರ ಧ್ವನಿ ಕಿವಿಗೆ ಬರುವ ದೂರದಲ್ಲಿ ಹನ್ನೆರಡೂವರೆ ಸೆಂಟಿಮೀಟರ್ ವ್ಯತ್ಯಾಸವಿರುತ್ತದೆ. 1,370 ಹರ್ಟ್ಸ್ ಸುಮಾರಿಗೆ ಅದು ಸರಿಯಾಗಿ ಅರ್ಧ ಅಲೆ. ಒಂದರ ಏರಿಳಿತ ಇನ್ನೊಂದನ್ನು ಅಳಿಸಿಹಾಕುತ್ತದೆ. ಅದು ಮಾತಿನ ಸ್ಪಷ್ಟತೆಗೆ ಬೇಕಾದ ಪಟ್ಟಿಯ ನಟ್ಟನಡುವೆಯೇ ಇದೆ. ಸೋಫಾದ ಅಂಚಿನಲ್ಲಿ ಕುಳಿತ ಅಜ್ಜಿಗೆ ಮಾತು ಮಸುಕಾಗಿ ಕೇಳಿದರೆ ದೋಷ ಅವರ ಕಿವಿಯದೇ ಆಗಿರಬೇಕಿಲ್ಲ. ಎಡಬಲಕ್ಕೆ ಕೊಂಡ ಬುಕ್‌ಶೆಲ್ಫ್ ಸ್ಪೀಕರಿನಂಥದ್ದೇ ಇನ್ನೊಂದನ್ನು ನಡುವೆ ನೆಟ್ಟಗೆ ನಿಲ್ಲಿಸುವುದು ಇದಕ್ಕೆ ಅತ್ಯುತ್ತಮ ಪರಿಹಾರ. ಮೂರೂ ಒಂದೇ ಬಗೆಯವಾದರೆ ಎಡದಿಂದ ಬಲಕ್ಕೆ ನಡೆದುಹೋಗುವ ಪಾತ್ರದ ದನಿಯ ಬಣ್ಣವೂ ಬದಲಾಗುವುದಿಲ್ಲ. ಗೋಡೆಗೆ ಹಾಕಿದ ಟಿ.ವಿ.ಯ ಕೆಳಗೆ ಒಂದಡಿಯೊಳಗಿನ ಪೆಟ್ಟಿಗೆಗೆ ಜಾಗ ಸಿಗುತ್ತದೆ, ದೊಡ್ಡದಕ್ಕೆ ಸಿಗುವುದಿಲ್ಲ. ಅದಕ್ಕೂ ಎಡೆಯಿಲ್ಲದಿದ್ದರೆ, ವೂಫರ್‌ನ ಮಧ್ಯದಲ್ಲೇ ಟ್ವೀಟರ್ ಕೂರಿಸಿದ ಏಕಕೇಂದ್ರದ ವಿನ್ಯಾಸ ನೋಡಬಹುದು. ಯಾವುದಾದರೂ ಸರಿ, ಮುಂದುಗಡೆಯನ್ನು ತುಸು ಎತ್ತಿ ಕಿವಿಯ ಕಡೆಗೆ ವಾಲಿಸಬೇಕು.

ಕೋಣೆಯೂ ಒಂದು ಸ್ಪೀಕರೇ

ಇಷ್ಟೆಲ್ಲ ಸರಿಯಿದ್ದರೂ ಮಾತು ಕಲಸಿಹೋಗುವ ಮನೆಗಳಿವೆ. ಅಲ್ಲಿ ಕಾರಣ ಕೋಣೆ. 1895ರಲ್ಲಿ ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನಲ್ಲಿದ್ದ ಉಪನ್ಯಾಸ ಕೊಠಡಿಯಲ್ಲಿ ಪಾಠವೇ ಕೇಳದಷ್ಟು ಮಾರ್ದನಿ ತುಂಬಿದಾಗ ವ್ಯಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕರು ಅದರ ಅಧ್ಯಯನಕ್ಕಿಳಿದರು. ಇನ್ನೊಂದು ಸಭಾಂಗಣದ ಆಸನದ ಮೆತ್ತೆಗಳನ್ನು ತಂದು ಒಂದೊಂದಾಗಿ ಇಡುತ್ತ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ಕೋಣೆಯ ಗಾತ್ರವನ್ನು ಅದರೊಳಗಿನ ಹೀರುವಿಕೆಯಿಂದ ಭಾಗಿಸಿ ಒಂದು ಸ್ಥಿರಾಂಕದಿಂದ ಗುಣಿಸಿದರೆ ಮಾರ್ದನಿಯ ಅವಧಿ ಸಿಗುತ್ತದೆ ಎಂಬ ಅವರ ಸೂತ್ರ ಇಂದಿಗೂ ಬಳಕೆಯಲ್ಲಿದೆ. 12 ಅಡಿಗೆ 15 ಅಡಿ, 10 ಅಡಿ ಎತ್ತರದ ಹಾಲ್ ಎಂದರೆ 51 ಘನ ಮೀಟರ್. ವಿಟ್ರಿಫೈಡ್ ಟೈಲ್ಸ್, ಸಿಮೆಂಟ್ ಗಿಲಾವು, ಕಾಂಕ್ರೀಟ್ ಚಾವಣಿ ಇವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಹೀರುತ್ತವೆ. ಹೀಗಾಗಿ ಖಾಲಿ ಹಾಲ್‌ನಲ್ಲಿ ಸದ್ದು ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ಸುಳಿಯುತ್ತದೆ. ಸೋಫಾ, ದಿಂಬು, ನಾಲ್ಕು ಜನ ಸೇರಿದರೆ ಅದು 0.7 ಸೆಕೆಂಡಿಗೆ ಇಳಿಯಬಹುದು. ಕಿಟಕಿಗೂ ಬಾಲ್ಕನಿ ಬಾಗಿಲಿಗೂ ನೆರಿಗೆಯಿರುವ ದಪ್ಪ ಪರದೆ, ಟಿ.ವಿ.ಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ ಹಾಕಿದರೆ ಅರ್ಧ ಸೆಕೆಂಡಿಗಿಂತ ಕೆಳಗೆ ಬರುತ್ತದೆ. ಸಿನಿಮಾ ನೋಡಲು ಬೇಕಾದದ್ದು ಅಷ್ಟೇ. ಸ, ಶ, ತ, ಕಗಳಂಥ ವ್ಯಂಜನಗಳನ್ನು ನುಂಗುವುದು ಈ ಮಾರ್ದನಿ. ಸ್ಪೀಕರ್ ಬದಲಿಸುವ ಯೋಚನೆಗೆ ಮುಂಚೆ ಪರದೆ, ಜಮಖಾನಗಳ ಖರ್ಚು ಮಾಡಿ ನೋಡುವುದು ಜಾಣತನ.

ಸ್ಪೀಕರ್‌ಗಳ ಜಾಗವನ್ನೂ ಈ ಕೋಣೆಯೇ ನಿರ್ಧರಿಸುತ್ತದೆ. ಮುಂದಿನ ಎಡಬಲಗಳು ನೋಡುವವರಿಂದ 22ರಿಂದ 30 ಡಿಗ್ರಿ ಕೋನದಲ್ಲಿರಬೇಕು ಎಂದರೆ, 10 ಅಡಿ ದೂರದ ಸೋಫಾಕ್ಕೆ ಅವುಗಳ ನಡುವೆ 8ರಿಂದ 11 ಅಡಿ ಅಂತರ. ಸರೌಂಡ್ ಸ್ಪೀಕರ್‌ಗಳಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು 100ರಿಂದ 120 ಡಿಗ್ರಿ, ಅಂದರೆ ಕುಳಿತವರ ಪಕ್ಕದಿಂದ ತುಸು ಹಿಂದೆ. ನಮ್ಮ ಮನೆಗಳಲ್ಲಿ ಸೋಫಾ ಹೆಚ್ಚಾಗಿ ಹಿಂದಿನ ಗೋಡೆಗೆ ತಾಗಿಕೊಂಡೇ ಇರುತ್ತದೆ. ಅದನ್ನು ಒಂದೆರಡು ಅಡಿ ಮುಂದಕ್ಕೆ ತಂದರೆ ಒಳ್ಳೆಯದು. ಆಗದಿದ್ದರೆ ಪಕ್ಕದ ಗೋಡೆಗಳಲ್ಲಿ, ಕಿವಿಗಿಂತ ಒಂದೆರಡು ಅಡಿ ಎತ್ತರದಲ್ಲಿ ಬ್ರ್ಯಾಕೆಟ್ ಹಾಕಿ ಚಿಕ್ಕ ಸ್ಪೀಕರ್ ಕೂರಿಸಬೇಕು. ಇಂಥ ಹಾಲ್‌ನಲ್ಲಿ 7.1ಕ್ಕೆ ಬೇಕಾದ ಹಿಂದಿನ ಜೋಡಿಗೆ ಜಾಗವೇ ಇಲ್ಲ. ಏಳು ಸ್ಪೀಕರ್‌ಗಳನ್ನು ಇಕ್ಕಟ್ಟಿನಲ್ಲಿ ತುರುಕುವುದಕ್ಕಿಂತ ಐದನ್ನು ಸರಿಯಾದ ಜಾಗದಲ್ಲಿ ಇಡುವುದು ಮೇಲು. ಒಂದು ಪಕ್ಕ ಗೋಡೆಯಿದ್ದು ಇನ್ನೊಂದು ಪಕ್ಕ ಊಟದ ಕೋಣೆಗೆ ತೆರೆದುಕೊಂಡಿದ್ದರೂ ಹೆದರಬೇಕಿಲ್ಲ. ಆ ಬದಿಯ ಸ್ಪೀಕರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಸಾಕು. ದೂರ ಮತ್ತು ಜೋರಿನ ವ್ಯತ್ಯಾಸವನ್ನು ರಿಸೀವರ್ ಜೊತೆ ಬರುವ ಮೈಕ್ ಅಳೆದು ಸರಿಪಡಿಸುತ್ತದೆ.

ಇಲ್ಲಿಗೆ ಮೂರನೆಯ ಆಕ್ಷೇಪ: ಇಷ್ಟೆಲ್ಲ ತಾಪತ್ರಯವೇಕೆ, ಒಂದು ಸೌಂಡ್‌ಬಾರ್ ಸಾಲದೇ? ಸುದ್ದಿ, ಧಾರಾವಾಹಿ, ಕ್ರಿಕೆಟ್ಟಿಗೆ ಸೌಂಡ್‌ಬಾರ್ ಖಂಡಿತ ಸಾಕು. ಟಿ.ವಿ.ಯ ಸ್ವಂತ ಸ್ಪೀಕರ್‌ಗಿಂತ ಅದು ಬಹಳ ಮೇಲು, ಬಾಡಿಗೆ ಮನೆ ಬದಲಿಸುವವರಿಗೆ ಸುಲಭ. ಆದರೆ ಸುತ್ತಲಿನ ಧ್ವನಿಯ ಅನುಭವಕ್ಕೆ ಹಲವು ಸೌಂಡ್‌ಬಾರ್‌ಗಳು ಪಕ್ಕದ ಗೋಡೆಗಳಿಗೂ ಚಾವಣಿಗೂ ಸದ್ದನ್ನು ಬಡಿಸಿ ಹಿಂದಿರುಗಿಸುವ ಉಪಾಯವನ್ನು ನೆಚ್ಚಿಕೊಂಡಿವೆ. ಒಂದು ಪಕ್ಕ ತೆರೆದ, ಇನ್ನೊಂದು ಪಕ್ಕ ಪರದೆ ಇಳಿಬಿಟ್ಟ ಹಾಲ್‌ನಲ್ಲಿ ಬಡಿಸಲು ಗೋಡೆ ಎಲ್ಲಿದೆ? ‘ಕಾಂತಾರ’ದಲ್ಲಿ ದೈವದ ಕೂಗು ಕಾಡಿನೊಳಗಿಂದ ಎದ್ದು ಬರುವಾಗ ಅದು ನಮ್ಮನ್ನು ಆವರಿಸಬೇಕಾದರೆ ಪಕ್ಕದಲ್ಲಿ ನಿಜವಾಗಿಯೂ ಒಂದು ಸ್ಪೀಕರ್ ಇರಬೇಕು. ತಂತಿಯ ಅಂಜಿಕೆಯೂ ಅಷ್ಟು ದೊಡ್ಡದಲ್ಲ. 1.5 ಚದರ ಮಿಲಿಮೀಟರ್ ತಾಮ್ರದ ತಂತಿ 10 ಮೀಟರ್ ದೂರ ಹೋಗಿ ಬಂದರೂ ಅದರ ರೋಧ ಕಾಲು ಓಮ್ ಆಸುಪಾಸು. 8 ಓಮ್ ಸ್ಪೀಕರ್‌ಗೆ ಅದರಿಂದ ಆಗುವ ನಷ್ಟ ಕಿವಿಗೆ ತಿಳಿಯುವಂಥದ್ದಲ್ಲ, ದುಬಾರಿ ತಂತಿಯ ಅಗತ್ಯವೂ ಇಲ್ಲ. ಹೊಸ ಮನೆ ಕಟ್ಟುವವರು ವೈರಿಂಗ್ ಹೊತ್ತಿನಲ್ಲೇ ಸೋಫಾ ಪಕ್ಕದವರೆಗೆ ಒಂದು ಖಾಲಿ ಪೈಪ್ ಎಳೆಸಿಟ್ಟರೆ ಆಮೇಲೆ ಗೋಡೆ ಕೊರೆಯುವ ಕೆಲಸ ತಪ್ಪುತ್ತದೆ.

ನೆರೆಮನೆಯ ಆಕ್ಷೇಪವನ್ನೂ ಕಡೆಗಣಿಸುವಂತಿಲ್ಲ. ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಹಲಗೆಯ ಮೂಲಕ ಹಾಯ್ದುಹೋಗುವುದು ಮಂದ್ರವೇ. 15, 12, 10 ಅಡಿಗಳ ಕೋಣೆ ಸುಮಾರು 38, 47, 56 ಹರ್ಟ್ಸ್‌ಗಳಲ್ಲಿ ತಾನೇ ಅನುರಣಿಸುತ್ತದೆ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಈ ಮೂರೂ ಕೆರಳುತ್ತವೆ. ಒಂದು ಆಸನದಲ್ಲಿ ಗುಮ್ಮೆನ್ನುವ ಬೇಸ್ ಇನ್ನೊಂದು ಆಸನದಲ್ಲಿ ಮಾಯವಾಗುತ್ತದೆ. ಸಬ್‌ವೂಫರನ್ನು ಸ್ವಲ್ಪ ಹೊತ್ತು ಸೋಫಾದ ಜಾಗದಲ್ಲಿಟ್ಟು, ನೆಲದ ಮಟ್ಟಕ್ಕೆ ಬಗ್ಗಿ ಕೋಣೆಯ ಸುತ್ತ ಎಲ್ಲಿ ಬೇಸ್ ಸಮನಾಗಿ ಕೇಳುತ್ತದೆಂದು ಹುಡುಕಿ, ಆ ಜಾಗದಲ್ಲಿ ಅದನ್ನು ಇಡುವುದು ಹಳೆಯ, ಫಲಕೊಡುವ ವಿಧಾನ. 2002ರಲ್ಲಿ ಟಾಡ್ ವೆಲ್ಟಿ ಪ್ರಕಟಿಸಿದ ಅಧ್ಯಯನ ಎದುರುಬದುರು ಗೋಡೆಗಳ ಮಧ್ಯದಲ್ಲಿ ಎರಡು ಸಬ್‌ವೂಫರ್ ಇಟ್ಟರೆ ಈ ಏರುಪೇರು ಬಹಳ ತಗ್ಗುತ್ತದೆ ಎಂದು ತೋರಿಸಿತು. ಒಂದು ದೈತ್ಯ ಪೆಟ್ಟಿಗೆಯ ಬದಲು 8 ಇಂಚಿನ ಎರಡು ಪುಟ್ಟವು ಹೆಚ್ಚು ಹಿತ, ಮನೆಗೂ ನೆರೆಗೂ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ರಿಸೀವರ್‌ಗಳಲ್ಲಿರುವ ರಾತ್ರಿ ವಿಧಾನ ಅಬ್ಬರವನ್ನು ಇಳಿಸಿ ಪಿಸುಮಾತನ್ನು ಏರಿಸುತ್ತದೆ. ಅದನ್ನು ಬಳಸುವುದು ಸೌಜನ್ಯ.

ಕೊಳ್ಳುವಾಗ ಕೇಳಬೇಕಾದದ್ದು

ವಿವರಪಟ್ಟಿಯಲ್ಲಿ ‘50 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂದಷ್ಟೇ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ. ಆ ಸಂಖ್ಯೆಯ ಪಕ್ಕದಲ್ಲಿ ‘ಮೈನಸ್ 3 ಡೆಸಿಬೆಲ್’ ಅಥವಾ ‘ಪ್ಲಸ್ ಮೈನಸ್ 3’ ಎಂದು ಇದೆಯೇ ನೋಡಬೇಕು. ಮೈನಸ್ 3 ಬಿಂದು 80ರ ಹತ್ತಿರವೋ ಅದಕ್ಕಿಂತ ಕೆಳಗೋ ಇದ್ದರೆ ಆ ಸ್ಪೀಕರ್ ಮುಂದಿನ ಮೂರಕ್ಕೂ ಯೋಗ್ಯ. ಸರೌಂಡ್‌ಗೆ 100ರವರೆಗೂ ಒಪ್ಪಬಹುದು, ಅಲ್ಲಿ ಸಂಭಾಷಣೆಯ ಹೊಣೆ ಕಡಿಮೆ. ಬಿಂದುವನ್ನೇ ಹೇಳದ ಸೆಟ್, ಪಿ.ಎಂ.ಪಿ.ಒ. ಮಾತ್ರ ಹೇಳುವ ಸೆಟ್, ಸ್ಪೀಕರನ್ನು ಮುಂದೆ ಬದಲಿಸಲಾಗದಂತೆ ತನ್ನದೇ ಪ್ಲಗ್ ಇರುವ ಸೆಟ್ ಬೇಡ. ಹಣವಿದ್ದಷ್ಟು ಹಂತಹಂತವಾಗಿ ಕೊಳ್ಳಬಹುದು ಎಂಬುದು ಬಿಡಿ ಸ್ಪೀಕರ್‌ಗಳ ದೊಡ್ಡ ಅನುಕೂಲ. ಮೊದಲು ರಿಸೀವರ್ ಮತ್ತು ಒಂದೇ ಬಗೆಯ ಮೂರು ಮುಂದಿನ ಸ್ಪೀಕರ್‌ಗಳು, ಆಮೇಲೆ ಒಂದು ಸಬ್‌ವೂಫರ್, ಕೊನೆಗೆ ಸರೌಂಡ್ ಜೋಡಿ. ತಂದ ದಿನವೇ ಟಿ.ವಿ.ಯ ಧ್ವನಿ ಆಯ್ಕೆಯನ್ನು ಪಿ.ಸಿ.ಎಂ.ನಿಂದ ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂಗೆ ಬದಲಿಸಬೇಕು, ಇಲ್ಲದಿದ್ದರೆ ಒ.ಟಿ.ಟಿ.ಯಿಂದ ಬರುವ 5.1 ಹಲವು ಟಿ.ವಿ.ಗಳಲ್ಲಿ ಎರಡೇ ಚಾನೆಲ್‌ಗೆ ಕುಗ್ಗುತ್ತದೆ. ಒ.ಟಿ.ಟಿ. ಸೇವೆಗಳು ಹೆಚ್ಚಾಗಿ ಬಳಸುವ ಡಾಲ್ಬಿ ಡಿಜಿಟಲ್ ಪ್ಲಸ್ ಧ್ವನಿಯನ್ನು ಈಚಿನ ಟಿ.ವಿ.ಗಳ ಸಾಮಾನ್ಯ ಎಚ್.ಡಿ.ಎಂ.ಐ. ಆರ್ಕ್ ಸಂಪರ್ಕವೇ ರಿಸೀವರ್‌ಗೆ ಸಾಗಿಸಬಲ್ಲದು.

ಸಿನಿಮಾದ ಧ್ವನಿ ವಿಭಾಗದವರು ಒಂದೊಂದು ಉಸಿರನ್ನೂ ಹೆಜ್ಜೆ ಸಪ್ಪಳವನ್ನೂ ಅಳೆದು ಜೋಡಿಸಿರುತ್ತಾರೆ. ಬರಹಗಾರರು ಒಂದು ಸಾಲಿಗಾಗಿ ದಿನಗಟ್ಟಲೆ ಕೂತಿರುತ್ತಾರೆ. ಆ ದುಡಿಮೆ ಪ್ರೇಕ್ಷಕರಿಗೆ ತಲುಪಲು ಮನೆಯನ್ನು ಸ್ಟುಡಿಯೊ ಮಾಡಬೇಕಿಲ್ಲ, ಹಾಲ್ ತುಂಬ ಪೆಟ್ಟಿಗೆ ನಿಲ್ಲಿಸಬೇಕಿಲ್ಲ. ಮನುಷ್ಯನ ದನಿಯನ್ನು ಇಡಿಯಾಗಿ ಹೊರಬಲ್ಲ ಐದು ಪುಟ್ಟ ಸ್ಪೀಕರ್, ಮಂದ್ರವನ್ನು ಹೊರುವ ಒಂದು ಸಬ್‌ವೂಫರ್, ಸದ್ದನ್ನು ಹೀರುವ ನಾಲ್ಕು ಬಟ್ಟೆ ಸಾಕು. ಅಂಗಡಿಯಲ್ಲಿ ‘ಎಷ್ಟು ವಾಟ್?’ ಎಂದು ಕೇಳುವುದನ್ನು ಬಿಟ್ಟು ‘ಇದು ಎಷ್ಟು ಹರ್ಟ್ಸ್‌ವರೆಗೆ ಇಳಿಯುತ್ತದೆ?’ ಎಂದು ಕೇಳಲು ಗ್ರಾಹಕರು ಶುರುಮಾಡಿದರೆ, ತಯಾರಕರೂ ಅದಕ್ಕೆ ಉತ್ತರ ಕೊಡುವಂಥ ಸ್ಪೀಕರ್‌ಗಳನ್ನೇ ಮುಂದಿಡಬೇಕಾಗುತ್ತದೆ.